ಬಾಡಿಗೆಗೆಂದು ಕೊಳ್ಳುವ ಫ್ಲ್ಯಾಟು: ಮುಂಬಯಿಯ ನಿದರ್ಶನ

ನಮ್ಮ ಸಹೋದ್ಯೋಗಿಗಳೊಬ್ಬರು ಮುಂಬಯಿಯ ಉಪನಗರದಲ್ಲಿ ಒಂದು ಚಿಕ್ಕ ಫ್ಲ್ಯಾಟನ್ನು ಕೊಂಡು ಬಾಡಿಗೆಗೆ ಕೊಡುವ ಆಲೋಚನೆಯಲ್ಲಿದ್ದಾರೆ. ಊರಿನ ತೋಟದ ಪಾಲನ್ನು ಮಾರಿದ ಹಣ ಕೊಂಚ ಕೈಯಲ್ಲಿದೆ. ಉಳಿದುದಕ್ಕೆ ಬ್ಯಾಂಕಿನ ಸಾಲ. ಅವರು ಬೆಳೆದುದು ಗಿರಗಾಂವಿನ ಚಾಳಿನ ಒಂದು ಕೋಣೆಯಲ್ಲಿ. ಅಲ್ಲಿ ಅವರ ತಂದೆ ತೆರುತ್ತಿದ್ದ ಬಾಡಿಗೆ ತಿಂಗಳ ಹಾಲಿನ ಲೆಕ್ಕಕ್ಕಿಂತಲೂ ಕಡಿಮೆಯಾಗಿತ್ತಂತೆ. ಬಾಡಿಗೆದಾರನ ಮಗನಾಗಿ ಬೆಳೆದು ಈಗ ಮಾಲೀಕರಾಗಹೊರಟಿರುವ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇಷ್ಟೆ: “ನಮ್ಮ ಚಾಳಿನ ಯಜಮಾನರಿಗೆ ಆದ ಗತಿ ನನಗೂ ಆದೀತೇನು?” ಹಣದ ವಿಷಯವನ್ನು ಇತಿಹಾಸದ ಅಧ್ಯಾಪಕರಲ್ಲಿ ವಿಚಾರಿಸುವುದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಆದರೆ ಬಾಡಿಗೆಯ ಫ್ಲ್ಯಾಟನ್ನು ಕೊಳ್ಳುವವನು ಕೊಳ್ಳುವುದು ಗೋಡೆಗಳನ್ನಷ್ಟೇ ಅಲ್ಲ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾಯಿದೆಗಳು ಕಟ್ಟಿಕೊಟ್ಟ ಹಕ್ಕುಬಾಧ್ಯತೆಗಳ ಒಂದು ಕಂತೆಯನ್ನು. ಆ ದೃಷ್ಟಿಯಿಂದ ಪ್ರಶ್ನೆ ನಮ್ಮ ವ್ಯಾಸಂಗದ ಎಲ್ಲೆಯೊಳಗಿನದೇ ಆಗಿದೆ.

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಮುಂಬಯಿಯ ಹಣವಂತರು ಬಾಡಿಗೆಯ ಆದಾಯಕ್ಕಾಗಿ ಇಡೀ ಕಟ್ಟಡವನ್ನೇ ಕಟ್ಟಿಸುತ್ತಿದ್ದರು. ಕಾರ್ಮಿಕರಿಗೆ ಚಾಳುಗಳು, ೧೯೩೦ರ ದಶಕದಲ್ಲಿ ಮೆರೀನ್ ಡ್ರೈವಿನಲ್ಲಿಯೂ ಓವಲ್ ಮೈದಾನದ ಪಶ್ಚಿಮದಂಚಿನಲ್ಲಿಯೂ ಅನುಕೂಲಸ್ಥರಿಗೆ ಫ್ಲ್ಯಾಟುಗಳು. ಒಂದೇ ಫ್ಲ್ಯಾಟನ್ನು ಕೊಂಡು ಬಾಡಿಗೆಗೆ ಬಿಡುವ ಸಣ್ಣ ಮಾಲೀಕ ಆಗ ಪ್ರಾಯಶಃ ಇರಲೇ ಇಲ್ಲ. ಆತನನ್ನು ಹುಟ್ಟಿಸಿದುದು ಬಾಡಿಗೆ ನಿಯಂತ್ರಣ.

ಯುದ್ಧಕಾಲದ ಅಭಾವದಲ್ಲಿ ಬಾಡಿಗೆಗೆ ಕಡಿವಾಣ ಹಾಕುವ ಪದ್ಧತಿ ೧೯೧೮ರಷ್ಟು ಹಿಂದೆಯೇ ಇಲ್ಲಿ ಕಾಣಿಸಿಕೊಂಡಿತ್ತಾದರೂ, ನಿರ್ಣಾಯಕವಾದುದು ೧೯೪೭ರ ಮುಂಬಯಿ ಬಾಡಿಗೆ ಕಾಯಿದೆ. ೧೯೪೦ನೆಯ ಸೆಪ್ಟೆಂಬರ್ ೧ರಂದು ಮನೆಗೆ ಯಾವ ಬಾಡಿಗೆ ಇದ್ದಿತೋ ಅದನ್ನೇ ಅದು ಪ್ರಮಾಣ ಬಾಡಿಗೆಯೆಂದು ಸ್ಥಿರಪಡಿಸಿತು. ವಿಭಜನೆಯ ಕಾಲದಲ್ಲಿ ನಿರಾಶ್ರಿತರಿಂದ ತುಂಬಿದ ನಗರಕ್ಕೆ ಆ ರಕ್ಷಣೆ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ; ನಮ್ಮ ಮಿತ್ರರ ತಂದೆಯಂಥವರು ನಗರದ ಹೃದಯಭಾಗದಲ್ಲಿ ನೆಲೆನಿಂತು ಮಕ್ಕಳನ್ನು ಓದಿಸಿದುದು ಅದರ ಬಲದಿಂದಲೇ. ಆದರೆ ತಾತ್ಕಾಲಿಕವೆಂದು ಬಂದ ಕಾಯಿದೆ ಅರ್ಧ ಶತಮಾನ ನಿಂತಿತು. ಬಾಡಿಗೆ ನಿಂತಲ್ಲಿಯೇ ನಿಂತು ಖರ್ಚು ಮಾತ್ರ ಏರುತ್ತ ಹೋದುದರಿಂದ ಮಾಲೀಕರು ದುರಸ್ತಿಯನ್ನು ಕೈಬಿಟ್ಟರು. ೧೯೬೯ರಲ್ಲಿ ಹಳೆಯ ಕಟ್ಟಡಗಳ ದುರಸ್ತಿಗೆಂದೇ ಪ್ರತ್ಯೇಕ ಕರವನ್ನೂ ಮಂಡಲಿಯನ್ನೂ ಕಾಯಿದೆಯ ಮೂಲಕ ಸ್ಥಾಪಿಸಬೇಕಾಯಿತು. ಮನೆ ಕೈ ಬದಲಾಯಿಸುವಾಗ ಗುಟ್ಟಾಗಿ ಸಲ್ಲುವ ಪಗಡಿಯೇ ಅದರ ನಿಜವಾದ ಬೆಲೆಯಾಯಿತು.

ನಿಯಂತ್ರಣದಿಂದ ತಪ್ಪಿಸಿಕೊಳ್ಳಲು ಮಾಲೀಕರು ‘ಲೀವ್ ಅಂಡ್ ಲೈಸೆನ್ಸ್’ ಎಂಬ ಕರಾರನ್ನು ಆಶ್ರಯಿಸಿದರು. ಇದರಲ್ಲಿ ವಾಸಿಸುವವನು ಬಾಡಿಗೆದಾರನಲ್ಲ, ಕೇವಲ ಅನುಮತಿ ಪಡೆದವನು. ಅದೂ ಭದ್ರವಾಗಿರಲಿಲ್ಲ. ೧೯೭೩ರ ತಿದ್ದುಪಡಿಯು ಆ ವರ್ಷದ ಫೆಬ್ರವರಿ ೧ರಂದು ಊರ್ಜಿತ ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಪರಿಗಣಿಸಿತು. ಹನ್ನೊಂದು ತಿಂಗಳಿಗೆಂದು ಕೊಟ್ಟ ಮನೆ ಒಂದೇ ದಿನದಲ್ಲಿ ಕೈಬಿಟ್ಟುಹೋದ ಮಾಲೀಕರ ಕಥೆಗಳನ್ನು ಹಿರಿಯರು ಇಂದಿಗೂ ಹೇಳುವುದುಂಟು. ಮನೆಯನ್ನು ಬಾಡಿಗೆಗೆ ಕೊಡುವುದಕ್ಕಿಂತ ಬೀಗ ಹಾಕಿಡುವುದೇ ಲೇಸೆಂಬ ಭೀತಿ ಬೇರೂರಿದುದು ಹೀಗೆ. ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಾಡಿಗೆಯನ್ನು ಸ್ತಂಭನಗೊಳಿಸಿದ ವಿಧಿಗಳು ಕಾಲಾಂತರದಲ್ಲಿ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ಹೇಳಿದ ಬಳಿಕ, ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ೨೦೦೦ದ ಮಾರ್ಚ್ ೩೧ರಿಂದ ಜಾರಿಗೆ ಬಂದಿತು. ಲೈಸೆನ್ಸಿನ ಅವಧಿ ಮುಗಿದೊಡನೆ ಮನೆಯನ್ನು ಮರಳಿ ಪಡೆಯುವ ಹಕ್ಕನ್ನು ಅದು ಮಾಲೀಕನಿಗೆ ಸ್ಪಷ್ಟವಾಗಿ ಕೊಟ್ಟಿತು. ಬಿಡದೆ ಉಳಿದವನು ಇಮ್ಮಡಿ ಶುಲ್ಕ ತೆರಬೇಕು. ಆದರೆ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ನೋಂದಾಯಿಸುವ ಹೊಣೆಯೂ ಮಾಲೀಕನದೇ. ಆದಕಾರಣ ಮಿತ್ರರ ಪ್ರಶ್ನೆಗೆ ನಮ್ಮ ಉತ್ತರ: ಚಾಳಿನ ಯಜಮಾನರ ಗತಿ ಇಂದಿನ ಕಾನೂನಿನಲ್ಲಿ ನಿಮಗಾಗದು, ಬಾಯಿಮಾತಿನ ಒಪ್ಪಂದದಲ್ಲಿ ಮನೆ ಕೊಟ್ಟರೆ ಮಾತ್ರ ಹಾಗೆನ್ನಲಾರೆವು.

ಇನ್ನೊಂದು ಎಳೆಯನ್ನೂ ಇಲ್ಲಿ ಬಿಡಿಸಬೇಕು. ಬಾಡಿಗೆಗೆ ಕಟ್ಟುವವರು ಹಿಂಜರಿದ ಮೇಲೆ ನಗರದಲ್ಲಿ ಹಬ್ಬಿದುದು ಸಹಕಾರಿ ಗೃಹನಿರ್ಮಾಣ ಸಂಘ. ಅದರ ಬೀಜ ಹಳೆಯದು, ಕನ್ನಡನಾಡಿನ ಕರಾವಳಿಗೂ ಸಂಬಂಧಿಸಿದುದು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಿಂದ ಉದ್ಯೋಗಕ್ಕಾಗಿ ಬಂದ ಸಾರಸ್ವತರಿಗಾಗಿ, ರಾವ್ ಬಹಾದ್ದೂರ್ ಎಸ್. ಎಸ್. ತಲ್ಮಕಿಯವರ ಮುಂದಾಳುತನದಲ್ಲಿ ೧೯೧೫ರಲ್ಲಿ ಗಾಂದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಸ್ಥಾಪಿತವಾಯಿತು. ಕಟ್ಟಡ ಸಂಘದ್ದು, ವಾಸದ ಹಕ್ಕು ಸದಸ್ಯನದು. ಈ ತತ್ತ್ವದ ಕುರುಹು ಇಂದಿಗೂ ಅಳಿದಿಲ್ಲ. ಸಂಘದ ದೃಷ್ಟಿಯಲ್ಲಿ ಫ್ಲ್ಯಾಟು ಸದಸ್ಯನು ತಾನೇ ವಾಸಿಸತಕ್ಕ ಮನೆ. ಬಾಡಿಗೆಗೆ ಕೊಟ್ಟರೆ ಆತ ಹೆಚ್ಚಿನ ಶುಲ್ಕ ತೆರಬೇಕು. ಸಂಘಗಳು ಇದನ್ನು ಮನಬಂದಂತೆ ಏರಿಸತೊಡಗಿದಾಗ ಸರಕಾರವು ೨೦೦೧ರಲ್ಲಿ ಸೇವಾಶುಲ್ಕದ ನೂರಕ್ಕೆ ಹತ್ತರ ಮಿತಿಯನ್ನು ವಿಧಿಸಿತು.

ಇನ್ನು ಲೆಕ್ಕ. ಉದಾಹರಣೆಗೆ ಒಂದು ಕೋಟಿ ರೂಪಾಯಿಯ ಫ್ಲ್ಯಾಟು ಎಂದಿಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ನೂರಕ್ಕೆ ೬ರಂತೆ ೬ ಲಕ್ಷ, ನೋಂದಣಿಗೆ ೩೦,೦೦೦, ಒಟ್ಟು ೧,೦೬,೩೦,೦೦೦. ಬಾಡಿಗೆ ತಿಂಗಳಿಗೆ ೨೭,೦೦೦ ದೊರೆತು, ಒಂದು ತಿಂಗಳು ಮನೆ ಖಾಲಿ ಬಿದ್ದಿತೆನ್ನೋಣ: ವರ್ಷಕ್ಕೆ ೨,೯೭,೦೦೦. ಸೊಸೈಟಿಯ ಸೇವಾಶುಲ್ಕ ೪೮,೦೦೦, ಮೇಲೆ ಹೇಳಿದ ಹತ್ತನೆಯ ಒಂದು ಪಾಲು ೪,೮೦೦, ಆಸ್ತಿ ತೆರಿಗೆ ೧೨,೦೦೦, ಸುಣ್ಣಬಣ್ಣ, ದಲ್ಲಾಳಿ, ನೋಂದಣಿಗಳಿಗೆ ೨೦,೦೦೦ ಕಳೆದರೆ ಉಳಿಯುವುದು ೨,೧೨,೨೦೦. ಹಾಕಿದ ಹಣಕ್ಕೆ ನೂರಕ್ಕೆ ಎರಡು. ವರಮಾನ ತೆರಿಗೆಯಲ್ಲಿ ದುರಸ್ತಿ ಮುಂತಾದುವಕ್ಕೆಂದು ನೂರಕ್ಕೆ ೩೦ರ ರಿಯಾಯಿತಿಯುಂಟು, ನಿಜ. ಆದರೆ ೭೦ ಲಕ್ಷವನ್ನು ನೂರಕ್ಕೆ ೮ರ ಬಡ್ಡಿಗೆ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ ೫,೬೦,೦೦೦ದ ಸಮೀಪಕ್ಕೆ ಬರುತ್ತದೆ. ಅಂತರವನ್ನು ಸಂಬಳದಿಂದ ತುಂಬಬೇಕು. ಹೀಗೆ ಕೊಳ್ಳುವವನು ಬಾಡಿಗೆಯನ್ನು ನಂಬಿಲ್ಲ, ನೆಲದ ಬೆಲೆಯ ಏರಿಕೆಯನ್ನು ನಂಬಿದ್ದಾನೆ ಎಂದೇ ನಾವು ಭಾವಿಸುತ್ತೇವೆ. ತೋಟವನ್ನು ಮಾರಿದವರಿಗೆ ಈ ಮಾತನ್ನು ಹೇಳುವುದು ನಮಗೇನೂ ಸುಖದ ಕೆಲಸವಾಗಿರಲಿಲ್ಲ.

ನೆಲವನ್ನೇ ನಂಬುವುದಾದರೆ, ಆ ನೆಲ ಯಾರದೆಂದು ಮೊದಲು ತಿಳಿಯಬೇಕು. ೧೯೬೩ರ ಫ್ಲ್ಯಾಟು ಒಡೆತನದ ಕಾಯಿದೆಯ ಪ್ರಕಾರ ಕಟ್ಟಿದವನು ನೆಲವನ್ನೂ ಕಟ್ಟಡವನ್ನೂ ಸಂಘದ ಹೆಸರಿಗೆ ವರ್ಗಾಯಿಸತಕ್ಕದ್ದು. ಎಷ್ಟೋ ಮಂದಿ ವರ್ಗಾಯಿಸಲಿಲ್ಲ. ಆದ್ದರಿಂದಲೇ ೨೦೦೮ರ ತಿದ್ದುಪಡಿ, ಕಟ್ಟಿದವನ ಸಹಿಯಿಲ್ಲದೆಯೂ ಅಧಿಕಾರಿಯ ಮೂಲಕ ವರ್ಗಾವಣೆ ಪಡೆಯುವ ದಾರಿಯನ್ನು ತೆರೆಯಿತು. ವರ್ಗಾವಣೆಯಾಗದ ಕಟ್ಟಡ ಹಳತಾಗಿ ಪುನರ್ನಿರ್ಮಾಣದ ಮಾತು ಬಂದಾಗ ತೊಡಕು ತಲೆದೋರುತ್ತದೆ. ನಮ್ಮ ಮಿತ್ರರು ಮುಂಗಡ ಕೊಡುವುದನ್ನು ತಡೆಹಿಡಿದು, ವರ್ಗಾವಣೆಯ ಪತ್ರದ ಪ್ರತಿಯನ್ನು ತೋರಿಸಬೇಕೆಂದು ಆ ಸೊಸೈಟಿಯ ಕಾರ್ಯದರ್ಶಿಗೆ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.