ಡಬ್ಬಿಯೊಳಗಿನ ಜಲ್ಲಿಕಲ್ಲು

ರೈಲು ಹಳಿಯ ಕಲ್ಲನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರಾ? ತರಗತಿಯಲ್ಲಿ ಕೇಳಿ ನೋಡಿ, ಮಕ್ಕಳು ನಗುತ್ತಾರೆ. ಜಪಾನಿನ ರೈಲುಪ್ರೇಮಿಗಳು ಕೊಳ್ಳುತ್ತಾರೆ!

ಚಿಬಾ ಪ್ರಾಂತ್ಯದ ಚೋಶಿ ವಿದ್ಯುತ್ ರೈಲುಮಾರ್ಗದ ಉದ್ದ ಬರೀ 6.4 ಕಿ.ಮೀ. ಟಿಕೆಟ್ ಹಣ ಸಾಲದೆ, 1995ರಿಂದ ಆ ಕಂಪನಿ ಸೋಯಾ ಸಾಸ್‌ನಲ್ಲಿ ಅದ್ದಿದ ‘ನುರೆ ಸೆಂಬೆ’ ಎಂಬ ಮೆತ್ತನೆಯ ಅಕ್ಕಿತಿಂಡಿ ಮಾರುತ್ತಿದೆ. 2006ರಲ್ಲಿ ರೈಲಿನ ರಿಪೇರಿಗೂ ಕಾಸಿಲ್ಲದಾಗ, ತಿಂಡಿ ಕೊಂಡು ನೆರವಾಗಿ ಎಂದು ಜನರನ್ನೇ ಕೇಳಿಕೊಂಡಿತು. ಆರ್ಡರುಗಳು ಹರಿದುಬಂದವು, ರೈಲು ಉಳಿಯಿತು. ಮುಂದೆ ಹಳಿಯ ಕೆಳಗಿನ ಕಲ್ಲನ್ನೂ ಡಬ್ಬಿಗೆ ತುಂಬಿ ಮಾರಿದರು.

ಆ ಕಲ್ಲಿನಲ್ಲಿ ನಮಗೊಂದು ಪಾಠವಿದೆ. ಹಳಿಯ ಕೆಳಗೆ ಹೊಳೆಯ ನುಣುಪು ಕಲ್ಲು ಯಾಕೆ ಹಾಕುವುದಿಲ್ಲ? ಒಡೆದ ಜಲ್ಲಿಯ ಚೂಪು ಮೂಲೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಘರ್ಷಣೆಯಿಂದ ಜಾರದೆ ನಿಲ್ಲುತ್ತವೆ. ಸ್ಲೀಪರಿನ ಭಾರ ಅಗಲಕ್ಕೆ ಹಂಚಿಹೋಗುತ್ತದೆ. ಸಂದುಗಳಲ್ಲಿ ಮಳೆನೀರು ಬಸಿಯುತ್ತದೆ, ಅದುರುವಿಕೆಯೂ ತಗ್ಗುತ್ತದೆ. ವರ್ಷಗಟ್ಟಲೆ ರೈಲು ಓಡಿ ಮೂಲೆಗಳು ಸವೆದರೆ ಹಿಡಿತ ಸಡಿಲವಾಗುತ್ತದೆ. ಆಗ ಹೊಸ ಜಲ್ಲಿ ಹಾಕಬೇಕು.

ಮಕ್ಕಳಿಂದಲೇ ಮಾಡಿಸಿ: ನುಣುಪು ಕಲ್ಲಿನದೊಂದು ರಾಶಿ, ಜಲ್ಲಿಯದೊಂದು ರಾಶಿ. ಎರಡರ ಮೇಲೂ ಒಂದೊಂದು ಇಟ್ಟಿಗೆ ಇಟ್ಟು ಮೆಲ್ಲಗೆ ಒತ್ತಲಿ. ಯಾವ ರಾಶಿ ಬೇಗ ಹರಡುತ್ತದೆ ಎಂದು ಮೊದಲೇ ಊಹಿಸಿ ಬರೆದಿಡಲಿ.

ಒಂದು ಎಚ್ಚರಿಕೆ: ಕಲ್ಲು ತರಲು ಮಕ್ಕಳನ್ನು ಹಳಿಯ ಹತ್ತಿರ ಖಂಡಿತ ಕಳಿಸಬೇಡಿ. ಅಲ್ಲಿನ ಒಂದೊಂದು ಕಲ್ಲೂ ಕೆಲಸದಲ್ಲಿದೆ, ಜೀವಕ್ಕೂ ಅಪಾಯ. ಮನೆ ಕಟ್ಟುವ ಜಾಗದಲ್ಲಿ ಕೇಳಿದರೆ ಒಂದು ಬುಟ್ಟಿ ಜಲ್ಲಿ ಸಿಕ್ಕೇ ಸಿಗುತ್ತದೆ.