ಫ್ಲೇವಿವೈರಸ್ ಗುಂಪು ಮತ್ತು ಮಂಗನ ಕಾಯಿಲೆ

ಹಳದಿ ಜ್ವರ, ಡೆಂಗೆ, ಜಪಾನೀಸ್ ಮಿದುಳು ಜ್ವರ ಹಾಗೂ ಮಲೆನಾಡಿನ ಮಂಗನ ಕಾಯಿಲೆ ಇವು ಮೇಲ್ನೋಟಕ್ಕೆ ಬೇರೆ ಬೇರೆ ವ್ಯಾಧಿಗಳು. ಆದರೆ ಇವುಗಳಿಗೆ ಕಾರಣವಾದ ವೈರಸ್‌ಗಳೆಲ್ಲ ಫ್ಲೇವಿವೈರಸ್ ಎಂಬ ಒಂದೇ ಗುಂಪಿಗೆ ಸೇರಿವೆ. ಲ್ಯಾಟಿನ್ ಭಾಷೆಯಲ್ಲಿ ‘ಫ್ಲೇವಸ್’ ಎಂದರೆ ಹಳದಿ; ಹಳದಿ ಜ್ವರದ ದೆಸೆಯಿಂದ ಗುಂಪಿಗೆ ಈ ಹೆಸರು ಬಂದಿದೆ. ಸುಮಾರು 50 ನ್ಯಾನೊಮೀಟರ್ ವ್ಯಾಸದ ಈ ಕಣಗಳ ಆನುವಂಶಿಕ ದ್ರವ್ಯವು ಡಿಎನ್‌ಎ ಅಲ್ಲ. ಸುಮಾರು 11,000 ನ್ಯೂಕ್ಲಿಯೊಟೈಡ್‌ಗಳುಳ್ಳ ಒಂಟಿ ಎಳೆಯ ಆರ್‌ಎನ್‌ಎ. ಅದು ಜೀವಕೋಶವನ್ನು ಹೊಕ್ಕ ಬಳಿಕ ಮೊದಲು ಒಂದೇ ಉದ್ದನೆಯ ಪ್ರೋಟೀನು ತಯಾರಾಗುತ್ತದೆ. ಅನಂತರ ಅದು ತುಂಡಾಗಿ, ವೈರಸ್ಸಿನ ರಚನೆಗೆ ಬೇಕಾದ ಮೂರು ಹಾಗೂ ಅದರ ವೃದ್ಧಿಗೆ ನೆರವಾಗುವ ಏಳು ಪ್ರೋಟೀನುಗಳು ದೊರೆಯುತ್ತವೆ.

ಗುಂಪು ಒಂದೇ ಆದರೂ ವಾಹಕಗಳು ಬೇರೆ. ಮೊದಲ ಮೂರು ವ್ಯಾಧಿಗಳನ್ನು ಸೊಳ್ಳೆಗಳು ಹರಡಿದರೆ, ಮಂಗನ ಕಾಯಿಲೆಯನ್ನು ಹರಡುವುದು ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಇದು ಹಳದಿ ಜ್ವರವಿರಬಹುದೆಂಬ ಶಂಕೆ ಮೊದಲಿಗೆ ಮೂಡಿತ್ತು. ಆದರೆ ಪುಣೆಯ ವೈರಸ್ ಸಂಶೋಧನ ಕೇಂದ್ರವು ಪ್ರತ್ಯೇಕಿಸಿದ ವೈರಸ್ಸು ಹೊಸದಾಗಿದ್ದು, ರಷ್ಯದ ವಸಂತ-ಬೇಸಗೆ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು.

ಜನರೂಢಿಯ ಹೆಸರು ಮಂಗವನ್ನೇ ಅಪರಾಧಿಯಾಗಿಸಿದೆ. ವಾಸ್ತವವಾಗಿ ಮಂಗವೂ ಮನುಷ್ಯನಂತೆಯೇ ರೋಗದ ಬಲಿ. ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಉಣುಗು ಮರಿಹಂತದಲ್ಲಿ ಸೋಂಕಿತ ಪ್ರಾಣಿಯ ರಕ್ತ ಹೀರಿ ವೈರಸ್ಸನ್ನು ಪಡೆಯುತ್ತದೆ; ಪೊರೆ ಕಳಚಿ ಬೆಳೆದ ಮೇಲೂ ಅದನ್ನು ಉಳಿಸಿಕೊಳ್ಳುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ, ಆ ಸ್ಥಳವು ಅಪಾಯದ ತಾಣವಾಗುತ್ತದೆ. ದನಕರುಗಳು ರೋಗಕ್ಕೆ ತುತ್ತಾಗದಿದ್ದರೂ ಬಲಿತ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ. ಎಳೆಯ ಉಣುಗುಗಳು ವಿಪುಲವಾಗಿರುವ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ, ಸೌದೆ ಮತ್ತು ದರಗಿಗೆಂದು ಕಾಡಿಗೆ ಹೋಗುವವರೇ ಹೆಚ್ಚಾಗಿ ಸೋಂಕಿಗೊಳಗಾಗುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡುವುದಿಲ್ಲ.

ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾವಿಗೀಡಾಗುತ್ತಾರೆ; ಇದಕ್ಕೆ ನಿರ್ದಿಷ್ಟ ಔಷಧಿಯಿಲ್ಲ. 1990ರಿಂದ ಕರ್ನಾಟಕದಲ್ಲಿ ನೀಡಲಾಗುತ್ತಿದ್ದ ಲಸಿಕೆಯ ರಕ್ಷಣೆ ಅಲ್ಪಕಾಲಿಕವಾಗಿದ್ದು, ಅದರ ಬಳಕೆ ಈಗ ನಿಂತಿದೆ. ಅತ್ತ 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ ಹಾಗೂ ಸಿಂಧುದುರ್ಗಗಳಲ್ಲಿಯೂ ವ್ಯಾಧಿ ಕಂಡುಬಂದಿದೆ. ಇಂಥ ಸ್ಥಿತಿಯಲ್ಲಿ ಕಾಡಿನಲ್ಲಿ ಸತ್ತ ಮಂಗವೊಂದರ ಸುದ್ದಿಯು ಊರಿಗೆ ದೊರೆಯುವ ಮೊದಲ ಎಚ್ಚರಿಕೆ. ಅದು ಆರೋಗ್ಯ ಇಲಾಖೆಯನ್ನು ಎಷ್ಟು ಬೇಗ ತಲುಪುವುದೋ ಅಷ್ಟರಮಟ್ಟಿಗೆ ಜೀವಹಾನಿ ತಗ್ಗುತ್ತದೆ.