ಚಪ್ಪಾಳೆ ತಟ್ಟಿದ ಸಂಜೆಯೂ ಆರು ಅಡಿಯ ಅಂತರವೂ

2020ರ ಮಾರ್ಚ್ 22, ಭಾನುವಾರ, ಕೊರೊನಾ ಕಾಲದ ಜನತಾ ಕರ್ಫ್ಯೂವಿನ ದಿನ. ಬೆಳಗಿನಿಂದ ಬಿಕೋ ಎನ್ನುತ್ತಿದ್ದ ನಮ್ಮ ಬೀದಿ ಸಂಜೆ ಐದಾಗುತ್ತಲೇ ತುಂಬಿಹೋಯಿತು. ತಟ್ಟೆ, ಸೌಟು, ದೇವರಮನೆಯ ಗಂಟೆ, ಜಾಗಟೆ, ಕೈಗೆ ಸಿಕ್ಕಿದ್ದೆಲ್ಲ ಹೊರಗೆ ಬಂತು. ಗೇಟಿನ ಬಳಿ ನಿಂತು ನಾನೂ ಚಪ್ಪಾಳೆ ತಟ್ಟಿದೆ. ಕಣ್ಣು ಒದ್ದೆಯಾಗಿದ್ದೂ ನಿಜ. ಅಷ್ಟರಲ್ಲಿ ಹುಡುಗರ ಗುಂಪೊಂದು ಹೆಗಲಿಗೆ ಹೆಗಲು ತಾಗಿಸಿಕೊಂಡು ಜಾಗಟೆ ಬಾರಿಸುತ್ತ ಮೆರವಣಿಗೆ ಹೊರಟಿತು. ಹಿಂದೆಯೇ ದೊಡ್ಡವರೂ ಸೇರಿಕೊಂಡರು. ದಿನವಿಡೀ ಕಾಪಾಡಿಕೊಂಡಿದ್ದ ಅಂತರ ಐದು ನಿಮಿಷದಲ್ಲಿ ಇಲ್ಲವಾಯಿತು.

ಆ ಸಂಜೆಯ ಸುತ್ತ ಹುಟ್ಟಿಕೊಂಡ ನಂಬಿಕೆಗಳು ಇಂದಿಗೂ ಮಾತಿನ ನಡುವೆ ಇಣುಕುತ್ತವೆ. ಇನ್ನೊಂದು ಸಾಂಕ್ರಾಮಿಕ ಬಂದರೆ ಅವೇ ಮೊದಲು ಎದ್ದು ಕೂರುತ್ತವೆ ಎಂಬ ಆತಂಕ ನನಗಿದೆ. ಅದಕ್ಕೇ ಈ ಬರಹ.

ತಪ್ಪು ಕಲ್ಪನೆ: ಅಂದು ಅಮಾವಾಸ್ಯೆ; ಗಂಟೆ, ಚಪ್ಪಾಳೆಗಳ ಕಂಪನಕ್ಕೆ ವೈರಾಣು ಸಾಯುತ್ತದೆ.

ವಾಸ್ತವ: ಗೋಡೆಗೆ ತೂಗುಹಾಕಿದ ಕ್ಯಾಲೆಂಡರು ನೋಡಿದ್ದರೂ ಸಾಕಿತ್ತು. ಆ ವರ್ಷ ಯುಗಾದಿ ಮಾರ್ಚ್ 25ಕ್ಕೆ, ಅಮಾವಾಸ್ಯೆ 24ಕ್ಕೆ. ಮೊಬೈಲಿಗೆ ಬಂದ ಸಂದೇಶದಲ್ಲಿ ತಿಥಿಯೇ ತಪ್ಪಾಗಿತ್ತು, ವಿಜ್ಞಾನ ಹಾಗಿರಲಿ. ಕೊರೊನಾ ವೈರಾಣುವಿನ ಹೊರಕವಚ ಕೊಬ್ಬಿನದು. ಸಾಬೂನು ಅದನ್ನು ಒಡೆಯುತ್ತದೆ, ಜಾಗಟೆಯ ಸದ್ದು ಒಡೆಯುವುದಿಲ್ಲ. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯಾದ ಪಿಐಬಿ ಕೂಡ ಚಪ್ಪಾಳೆಯ ಕಂಪನದಿಂದ ಸೋಂಕು ನಾಶವಾಗದು ಎಂದು ಆಗಲೇ ಹೇಳಿತ್ತು. ಪ್ರಧಾನಿಯವರು ಮಾರ್ಚ್ 19ರ ಭಾಷಣದಲ್ಲಿ ಕೇಳಿಕೊಂಡಿದ್ದು ಇಷ್ಟೇ: ಬಾಗಿಲಲ್ಲೋ ಕಿಟಕಿಯಲ್ಲೋ ಬಾಲ್ಕನಿಯಲ್ಲೋ ನಿಂತು ಆರೋಗ್ಯ ಸಿಬ್ಬಂದಿಯೇ ಮೊದಲಾಗಿ ಸೇವೆಯಲ್ಲಿರುವವರಿಗೆ ಐದು ನಿಮಿಷ ಕೃತಜ್ಞತೆ ಹೇಳಿ. ಬೀದಿಗಿಳಿಯಿರಿ ಎಂದು ಅವರು ಹೇಳಿರಲಿಲ್ಲ, ಇದು ಮದ್ದು ಎಂದೂ ಹೇಳಿರಲಿಲ್ಲ.

ತಪ್ಪು ಕಲ್ಪನೆ: ಹದಿನಾಲ್ಕು ಗಂಟೆ ಮನೆಯಲ್ಲಿದ್ದರೆ ಸೋಂಕಿನ ಸರಪಳಿ ಕಡಿದುಹೋಗುತ್ತದೆ.

ವಾಸ್ತವ: ಜನತಾ ಕರ್ಫ್ಯೂ ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ, ಲೆಕ್ಕಕ್ಕೆ 14 ಗಂಟೆ. ವೈರಾಣು ಹೊರಗಿನ ಕಂಬಿ, ಬಾಗಿಲುಗಳ ಮೇಲೆ 12 ಗಂಟೆಯಷ್ಟೇ ಬದುಕುತ್ತದೆ, ಆದ್ದರಿಂದ ಅಷ್ಟರಲ್ಲಿ ಊರೆಲ್ಲ ಶುದ್ಧವಾಗುತ್ತದೆ ಎಂದು ಯಾರೋ ಲೆಕ್ಕ ಹಾಕಿ ಹಂಚಿದರು. ಅದೇ ತಿಂಗಳು ಪ್ರಕಟವಾದ ಪ್ರಯೋಗದಲ್ಲಿ ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ ಅದು 72 ಗಂಟೆಯವರೆಗೂ ಪತ್ತೆಯಾಗಿತ್ತು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಸೋಂಕು ಕಾದು ಕೂರುವುದು ಕಂಬಿಯ ಮೇಲಲ್ಲ, ಮನುಷ್ಯರ ಮೈಯೊಳಗೆ. ಇಂದು ತಗುಲಿದ್ದು ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನ ಬೇಕು. ದಿನಗಳ ಲೆಕ್ಕವನ್ನು ಗಂಟೆಗಳಲ್ಲಿ ಮುಗಿಸಲು ಹೊರಟೆವು.

ತಪ್ಪು ಕಲ್ಪನೆ: ಕೆಮ್ಮು, ಜ್ವರ ಇಲ್ಲದವರು ದೂರ ನಿಲ್ಲಬೇಕಿಲ್ಲ.

ವಾಸ್ತವ: ಇಟಲಿಯ ವೋ ಎಂಬ ಪುಟ್ಟ ಊರಿನಲ್ಲಿ 2020ರ ಫೆಬ್ರುವರಿ–ಮಾರ್ಚಿನಲ್ಲಿ ಹೆಚ್ಚುಕಡಿಮೆ ಊರಿಗೆ ಊರನ್ನೇ ಪರೀಕ್ಷೆಗೆ ಒಳಪಡಿಸಿದರು. ಸೋಂಕಿತರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ. ಲಕ್ಷಣವಿಲ್ಲದವರಿಂದಲೂ ಸೋಂಕು ಹರಡಬಲ್ಲದು, ಆದ್ದರಿಂದ ದೂರ ಎಲ್ಲರಿಗೂ ಬೇಕು.

ತಪ್ಪು ಕಲ್ಪನೆ: ಆರು ಅಡಿ ದೂರವಿದ್ದರೆ ಸಾಕು, ಬೇರೇನೂ ಬೇಡ.

ವಾಸ್ತವ: ಅಂಗಡಿಗಳ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು ಬಹಳ ಉಪಕಾರ ಮಾಡಿದವು. ಕೆಮ್ಮಿದಾಗ, ಸೀನಿದಾಗ ಹಾರುವ ದಪ್ಪ ಹನಿಗಳು ಹೆಚ್ಚು ದೂರ ಹೋಗದೆ ನೆಲಕ್ಕೆ ಬೀಳುತ್ತವೆ. ಆದರೆ ಮಾತಾಡಿದಾಗ, ಹಾಡಿದಾಗ, ಕೂಗಿದಾಗ ಹೊರಡುವ ಅತಿಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲೇ ತೇಲಿಕೊಂಡಿರುತ್ತವೆ. ಅವಕ್ಕೆ ಸುಣ್ಣದ ಗೆರೆಯ ಹಂಗಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 2020ರ ಮಾರ್ಚ್ 10ರಂದು ಗಾಯನ ತಂಡವೊಂದು ಎರಡೂವರೆ ತಾಸು ಒಳಾಂಗಣದಲ್ಲಿ ಅಭ್ಯಾಸ ಮಾಡಿತು. ಬಂದವರು 61 ಮಂದಿ, ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ದೃಢಪಟ್ಟವರೂ ಬಹುಮಟ್ಟಿಗೆ ಖಚಿತವಾದವರೂ ಸೇರಿ 53 ಮಂದಿಗೆ ಸೋಂಕು ತಗುಲಿತ್ತು, ಇಬ್ಬರು ತೀರಿಕೊಂಡರು. ಅಂತರದ ಜೊತೆ ಮಾಸ್ಕೂ ಬೇಕು, ಕಿಟಕಿಯೂ ತೆರೆದಿರಬೇಕು. ನಮ್ಮ ಮದುವೆ ಛತ್ರಗಳಲ್ಲಿ ಎ.ಸಿ. ಹಾಕಿ, ಬಾಗಿಲು ಮುಚ್ಚಿ, ಕುರ್ಚಿಗಳನ್ನು ಮಾತ್ರ ದೂರ ದೂರ ಇಟ್ಟಿದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ತಪ್ಪು ಕಲ್ಪನೆ: ಸಾಮಾಜಿಕ ಅಂತರ ಎಂದರೆ ಸೋಂಕಿತರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ದೂರವಿಡುವುದು.

ವಾಸ್ತವ: ಈ ತಪ್ಪು ಕಲ್ಪನೆಯಿಂದ ಆದ ಗಾಯ ಎಲ್ಲಕ್ಕಿಂತ ಆಳವಾದದ್ದು. ಅರ್ಧ ತಪ್ಪು ಪದದ್ದೇ. ಊರಾಚೆ ಕೇರಿ ಕಟ್ಟಿಸಿ, ಬಾವಿಗೆ ಬಿಡದೆ, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ನಾಡಿಗೆ ‘ಸಾಮಾಜಿಕ ಅಂತರ’ ಎಂಬ ಮಾತು ಹೊಸದಾಗಿ ಕೇಳಿಸಲಿಲ್ಲ. ಹಳೆಯ ಮಡಿ–ಮೈಲಿಗೆಯೇ ಸರ್ಕಾರದ ಮೊಹರು ಹಾಕಿಸಿಕೊಂಡು ಬಂದಂತೆ ಎಷ್ಟೋ ಜನರಿಗೆ ಕೇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 20ರಂದೇ ‘ದೈಹಿಕ ಅಂತರ’ ಎನ್ನುತ್ತೇವೆ ಎಂದು ಪದ ಬದಲಿಸಿಕೊಂಡಿತು. ಮೈ ದೂರವಿರಲಿ, ಮನಸ್ಸು ಹತ್ತಿರವಿರಲಿ ಎಂಬುದು ಅದರ ಅರ್ಥ. ನಮ್ಮ ಧ್ವನಿವರ್ಧಕಗಳಲ್ಲಿ ಮಾತ್ರ ಹಳೆಯ ಪದವೇ ಕಡೆಯವರೆಗೂ ಮೊಳಗಿತು.

ಪರಿಣಾಮ ಕೂಡಲೇ ಕಂಡಿತು. ಚಪ್ಪಾಳೆ ತಟ್ಟಿ ಎರಡೇ ದಿನಕ್ಕೆ, ಮಾರ್ಚ್ 24ರಂದು, ದೆಹಲಿಯ ಏಮ್ಸ್‌ನ ನಿವಾಸಿ ವೈದ್ಯರು ಕೇಂದ್ರ ಗೃಹ ಸಚಿವರಿಗೆ ಪತ್ರ ಬರೆಯಬೇಕಾಯಿತು: ಮನೆ ಮಾಲೀಕರು ವೈದ್ಯರನ್ನೂ ದಾದಿಯರನ್ನೂ ಬಾಡಿಗೆ ಮನೆಗಳಿಂದ ಹೊರಹಾಕುತ್ತಿದ್ದಾರೆ ಎಂದು. ಏಪ್ರಿಲ್ ಮೊದಲ ವಾರ ಬೆಂಗಳೂರಿನಲ್ಲೇ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಅದೇ ತಿಂಗಳು ಚೆನ್ನೈಯಲ್ಲಿ ಸೋಂಕಿನಿಂದ ತೀರಿಕೊಂಡ ವೈದ್ಯರೊಬ್ಬರ ಶವ ಹೊತ್ತ ಆಂಬುಲೆನ್ಸಿಗೆ ಜನ ಕಲ್ಲು ತೂರಿದರು. ಸಹೋದ್ಯೋಗಿ ವೈದ್ಯರೊಬ್ಬರು ರಾತ್ರಿಯ ಹೊತ್ತು ತಾವೇ ಗುದ್ದಲಿ ಹಿಡಿದು ಮಣ್ಣು ಮಾಡಿದರು. ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧವಾಗಿಸಿತು. ತೀವ್ರ ಗಾಯವಾದರೆ ಏಳು ವರ್ಷದವರೆಗೂ ಸಜೆ. ಯಾರಿಗಾಗಿ ಚಪ್ಪಾಳೆ ತಟ್ಟಿದೆವೋ ಅವರನ್ನು ನಮ್ಮಿಂದಲೇ ಕಾಪಾಡಲು ಒಂದು ತಿಂಗಳೊಳಗೆ ಕಾನೂನು ಬೇಕಾಯಿತು.

ತಪ್ಪು ಕಲ್ಪನೆ: ಆರೋಗ್ಯ ಸಿಬ್ಬಂದಿ ಎಂದರೆ ವೈದ್ಯರು, ದಾದಿಯರು.

ವಾಸ್ತವ: ಗಂಟಲು ದ್ರವ ತೆಗೆದ ಲ್ಯಾಬ್ ತಂತ್ರಜ್ಞರು, ಆಂಬುಲೆನ್ಸ್ ಚಾಲಕರು, ವಾರ್ಡ್ ಒರೆಸಿದವರು, ಶವಾಗಾರದಲ್ಲಿ ದುಡಿದವರು, ಬೀದಿಯ ಕಸ ಎತ್ತಿದ ಪೌರಕಾರ್ಮಿಕರು, ಇವರಿಲ್ಲದೆ ಒಂದು ಆಸ್ಪತ್ರೆಯೂ ಒಂದು ದಿನ ನಡೆಯುತ್ತಿರಲಿಲ್ಲ. ಇನ್ನು ಆಶಾ ಕಾರ್ಯಕರ್ತೆಯರು. ಊರಿಗೆ ಯಾರು ಬಂದರು, ಯಾರಿಗೆ ಜ್ವರ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ ಎಂದು ಮನೆಮನೆ ಸುತ್ತಿ ಬರೆದುಕೊಂಡವರು ಅವರೇ. ಸರ್ಕಾರದ ಕಡತದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಕೈಗೆ ಬರುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಕೋವಿಡ್ ಕೆಲಸಕ್ಕೆಂದು ಕೇಂದ್ರ ಕೊಟ್ಟದ್ದು ತಿಂಗಳಿಗೆ 1,000 ರೂಪಾಯಿ.

ತಪ್ಪು ಕಲ್ಪನೆ: ಚಪ್ಪಾಳೆ ಬರೀ ತೋರಿಕೆ, ಅದರಿಂದ ಏನೂ ಆಗಲಿಲ್ಲ.

ವಾಸ್ತವ: ಇದನ್ನೂ ನಾನು ಒಪ್ಪಲಾರೆ. ಆ ಮಾರ್ಚಿನಲ್ಲಿ ಇಟಲಿ, ಸ್ಪೇನುಗಳ ಬಾಲ್ಕನಿಗಳಲ್ಲಿ ಜನ ಚಪ್ಪಾಳೆ ತಟ್ಟಿದ್ದು ಭಯದ ನಡುವೆ ಒಬ್ಬರಿಗೊಬ್ಬರು ಇದ್ದೇವೆ ಎಂದು ಹೇಳಿಕೊಳ್ಳಲು. ಲಂಡನ್ನಿನಲ್ಲಿ ನೆಲೆಸಿದ್ದ ಡಚ್ ಮಹಿಳೆ ಆನಮರಿ ಪ್ಲಾಸ್ ಕರೆ ಕೊಟ್ಟ ಚಪ್ಪಾಳೆ ಮಾರ್ಚ್ 26ರಿಂದ ಹತ್ತು ವಾರ, ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಬ್ರಿಟನ್ನಿನ ಮನೆಬಾಗಿಲುಗಳಲ್ಲಿ ಕೇಳಿಸಿತು. ಇದಕ್ಕೆ ರಾಜಕೀಯದ ಬಣ್ಣ ಬರುತ್ತಿದೆ, ಹತ್ತನೆಯದಕ್ಕೆ ನಿಲ್ಲಿಸೋಣ ಎಂದವರೂ ಆಕೆಯೇ. ಚಪ್ಪಾಳೆ ತಟ್ಟಿದ್ದು ತಪ್ಪಲ್ಲ. ಅಲ್ಲಿಗೆ ಋಣ ತೀರಿತು ಎಂದುಕೊಂಡದ್ದು ತಪ್ಪು. ಮರುವರ್ಷ ಮಾರ್ಚಿನಲ್ಲಿ ಬ್ರಿಟನ್ನಿನ ಸರ್ಕಾರ ದಾದಿಯರಿಗೆ ಶೇಕಡಾ 1ರ ಸಂಬಳ ಏರಿಕೆ ಸೂಚಿಸಿತು. ಆಗ ಜನ ಮತ್ತೆ ಬಾಗಿಲಿಗೆ ಬಂದು ನಿಧಾನವಾಗಿ, ಬಿಡಿಬಿಡಿಯಾಗಿ ಚಪ್ಪಾಳೆ ತಟ್ಟಿದರು, ಈ ಸಲ ಪ್ರತಿಭಟನೆಗಾಗಿ. ಜುಲೈ ಹೊತ್ತಿಗೆ ಏರಿಕೆ ಶೇಕಡಾ 3ಕ್ಕೆ ಬಂತು.

ನಮ್ಮಲ್ಲಿ? 2020ರ ಜುಲೈ 10ರಂದು, ಸೋಂಕು ಏರುತ್ತಿದ್ದ ಹೊತ್ತಿನಲ್ಲೇ, ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದರು. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ, ಮಾಸ್ಕ್, ಕೈಗವಸು. ಅಂದು ಅವರ ಪರವಾಗಿ ನಮ್ಮ ಬೀದಿಯಲ್ಲಿ ಒಂದು ತಟ್ಟೆಯೂ ಸದ್ದು ಮಾಡಲಿಲ್ಲ. ನಾನೂ ಗೇಟಿನ ಬಳಿ ಹೋಗಲಿಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಅದೇ ಸಂಸ್ಥೆಯ ಅಂದಾಜಿನಂತೆ 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಾದ್ಯಂತ ಕೋವಿಡ್‌ಗೆ ಬಲಿಯಾದ ಆರೋಗ್ಯ ಸಿಬ್ಬಂದಿ 1,15,000 ಆಸುಪಾಸು.

ನಿಮ್ಮ ಬೀದಿಗೂ ಒಬ್ಬರು ಆಶಾ ಕಾರ್ಯಕರ್ತೆ ಇರುತ್ತಾರೆ. ಅವರ ಹೆಸರು ಗೊತ್ತಿಲ್ಲದಿದ್ದರೆ ಮುಂದಿನ ಸಲ ಬಂದಾಗ ಕೇಳಿ ತಿಳಿದುಕೊಳ್ಳಿ. ಕುರ್ಚಿ ಹಾಕಿ ಕೂರಿಸಿ, ಕುಡಿಯಲು ನೀರು ಕೊಡಿ, ಮನೆಯಲ್ಲಿ ಜ್ವರ ಬಂದವರಿದ್ದರೆ ಮುಚ್ಚಿಡದೆ ಹೇಳಿ.